ನಲವತ್ತೊಂದನೇ ಭರಣಿ

ಒರಸಿಲ್ಲ ಅಂತಲ್ರಿ ಸಾಹೇಬ್ರ, ದಿನಾ ಒರಸ್ತೀನಿ.
ಆಸಿಡ್ ಹಾಕೀನಿ, ಹುಣಸಿಹಣ್ಣು ಹಚ್ಚಿ ತಿಕ್ಕೀನಿ,
ಹೋಗಂಗಿಲ್ಲ ಅದು.
ಕಮಿಟಿ ವಹಿದಾಗ ಬರಕೊಳ್ಳೋದಿದ್ರ ಬರಕೊಳ್ರಿ:
ಶಹಾಬಾದ ಕಾಲೇಜು, ಪ್ರಾಣಿಶಾಸ್ತ್ರದ ಲ್ಯಾಬು,
ಕಿಟಕಿ ಬಾಜು ಮೂರನೇ ಫರ್ಸಿ,
ಅಂಗೈಯಷ್ಟು ಕರಿ ಕಲೆ.
ಕಾರಣ, ಮಾಣಕಿ.

ಮೀನಲ್ರಿ. ಎಲ್ಲಾರೂ ಮೀನ ಅಂತಾರ.
ಬಸವನಹುಳದ ಬಳಗ ಅದು,
ಮನಿ ಮಾರಿ ಓಟ ಕೊಂಡ ಜಾತಿ.
ಪುಸ್ತಕದಾಗ ಸ್ಕ್ವಿಡ್, ಕಾರವಾರದ ಮಂದಿ ಬಾಯಾಗ ಮಾಣಕಿ.
ಎಂಬತ್ತೇಳರಾಗ ಟೂರಿಗೆ ಹೋದ ಹುಡುಗರು
ಡಾಲ್ಡಾ ಡಬ್ಬಿದಾಗ ಬರ್ಫ ಹಾಕಿ ತಂದಿದ್ರು.
ಹುಬ್ಬಳ್ಳಿಗೆ ಬರ್ಫ ಕರಗಿತ್ತು,
ಸೊಲ್ಲಾಪುರಕ್ಕ ವಾಸನಿ ಎದ್ದಿತ್ತು,
ಗುಲ್ಬರ್ಗಾ ಬರೂದ್ರಾಗ ಬೋಗಿ ಖಾಲಿ.

ಇಂದುಮತಿ ಮೇಡಂ ಭರಣಿ ಬಾಯಿಗೆ ಮೇಣ ಬಳದು
'ಸಾಯಬಣ್ಣ, ಇದು ನಿನ್ನ ಜಿಮ್ಮಾ' ಅಂದ್ರು.
ನಾ ಹತ್ತನೇತ್ತಾ ನಪಾಸು.
ಆದ್ರ ವರ್ಷಾ ವರ್ಷಾ ಅದೇ ಪಾಠ
ಬಾಗಲಕ್ಕ ನಿಂತು ಕೇಳಿ ಬಾಯಿಪಾಠ ಆಗ್ಯಾದ:

ಹೃದಯ ಮೂರು.
ಎರಡು ಕಿವಿರಿಗೆ, ಒಂದು ಮೈಗೆಲ್ಲಾ.
ರಕ್ತ ನೀಲಿ, ತಾಮ್ರದ್ದು.
ನುಂಗಿದ ತುತ್ತು ಮೆದುಳಿನ ನಡುವ ಹಾದು ಹೋಗ್ತದ,
ವಡಿ ತೂತಿನಾಗ ದಾರ ಪೋಣಿಸಿದಂಗ.
ಸಣ್ಣ ತುತ್ತೇ ತಿನ್ನಬೇಕು ಪಾಪ;
ದೊಡ್ಡದು ನುಂಗಿದ್ರ ಬುದ್ಧಿಗೇ ಪೆಟ್ಟು.
ಹಳೆ ಪ್ರಿನ್ಸಿಪಾಲ್ರಿಗೆ ಇದನ್ನ ಹೇಳಬೇಕಂತಿದ್ದೆ.
ಮೈಮ್ಯಾಲ ಖಸಖಸಿಯಷ್ಟು ಚುಕ್ಕಿ.
ಒಂದೊಂದೂ ಬಣ್ಣದ ಚೀಲ,
ಸುತ್ತಲಿನ ಸ್ನಾಯು ಜಗ್ಗಿದ್ರ ಅಗಲ, ಬಿಟ್ರ ಸೂಜಿಮೊನಿ.
ಚಿಟಿಕಿ ಹೊಡಿಯೂದ್ರಾಗ ಕೆಂಪು,
ಕಂದು,
ಇಲ್ಲೇ ಇಲ್ಲ.

ಬೋರ್ಡಿನ ಮ್ಯಾಲ ಮೇಡಂ ಅದರ ಬೀಗರ ಚಿತ್ರ ತಗೀತಿದ್ರು.
ಗಾಜಿನಂಥದ್ದೊಂದು, ಬೆನ್ನ ಹಿಂದಿನ ನೀರು ಕಾಣ್ತದ.
ಒಂದಕ್ಕ ಎಡಗಣ್ಣು ದೊಡ್ಡದು, ಮ್ಯಾಲಿನ ಬೆಳಕಿಗೆ,
ಬಲಗಣ್ಣು ಸಣ್ಣದು, ಕೆಳಗಿನ ಕತ್ತಲಿಗೆ.
ಹೆಡ್ ಕ್ಲರ್ಕ್ ವೆಂಕೋಬನೂ ಹಂಗೇ ನೋಡ್ತಿದ್ದ.
ಜಪಾನದ ದಂಡಿಗೆ ಬೆರಳುದ್ದದ್ದು
ನೀಲಿ ದೀಪ ಹಚಗೊಂಡು ಬರ್ತದ ರಾತ್ರಿ.
ಬರ್ಫಿನ ದೇಶದ ಕೆಳಗ ಒಂದು,
ತೋಳಿಗೆ ಕೊಕ್ಕಿ, ಕಣ್ಣು ಊಟದ ತಾಟಿನಷ್ಟು.
ಇನ್ನೊಂದು ನೀರು ಉಗುಳಿ ಉಗುಳಿ
ಗಾಳಿಗೇ ಹಾರಿಬಿಡ್ತದಂತ!
ಬಾಳ್ವಿ ಎಷ್ಟು? ಬಹಳಷ್ಟು ಜಾತಿಗೆ ಒಂದೇ ವರ್ಷ.
ತತ್ತಿ ಇಟ್ರ ಮುಗೀತು.
ನಮ್ಮದು ಮಾತ್ರ ಮೂವತ್ತೊಂದು ವರ್ಷ ಇತ್ತು,
ಬಣ್ಣ ಎಲ್ಲಾ ಬಿಟ್ಟು, ಬೆಳ್ಳಗ.

ಒಂದ್ ಮೇ ತಿಂಗಳು ಖಣಿದಾಗ ಮದ್ದು ಹಾರಿಸಿದ್ರು.
ಕಪಾಟು ನಡುಗಿತು.
ಭರಣಿ ಬಿತ್ತು.
ಮೂಗು ಹಿಡಕೊಂಡು ಎಲ್ಲಾರೂ ಹೊರಗ ಓಡಿದ್ರ
ಫರ್ಸಿ ಪಾಲಿಶಿನ ಇಬ್ರಾಹಿಮನ ಮಗಳು ಖೈರುನ್ನಿಸಾ
ಅಲ್ಲೇ ಕುಕ್ಕರಗಾಲಿಲೆ ಕುಂತು
ಬೆನ್ನಿನೊಳಗಿಂದ ಒಂದು ಎಸಳು ಎಳದಳು.
ತೆಳ್ಳಗ, ಗರಿಯಂಗ, ಆಚಿ ಬೆರಳು ಕಾಣೂವಂಗ.
ಇದಕ್ಕ ಪೆನ್ ಅಂತಾರ ಕಾಕಾ, ಅಂದಳು,
ಇದೇ ಅದರ ಹಳೆ ಚಿಪ್ಪು.
ನೋಡ್ರಿ, ಮನಿ ಮಾರಿದ್ರೂ
ಒಂದ್ ತೊಲಿ ಉಳಿಸಿಕೊಂಡಿತ್ತು.

ಶಾಯಿ ಚೀಲ ಒಡದಿತ್ತು.
ಅದರಾಗ ಪೆನ್ ಅದ್ದಿ ಕಲ್ಲಿನ ಮ್ಯಾಲ ಬರದು ನೋಡಿದಳು.
ಒಂದಕ್ಷರ ಮೂಡಲಿಲ್ಲ. ಗಂಟು ಗಂಟು, ಸುಮ್ನ ಹರಡಿತು.
ಈ ಕಲ್ಲು ಸಮುದ್ರದ ಕೆಸರು ಕಾಕಾ, ಅಂದಳು;
ಆಗ ಮಾಣಕಿ ಹುಟ್ಟಿರಲಿಲ್ಲ,
ಕಣ್ಣಿದ್ದ ಯಾವ ಜೀವನೂ ಹುಟ್ಟಿರಲಿಲ್ಲ.

ನಮ್ಮಪ್ಪ ಇದೇ ಕಲ್ಲು ಉಳಿ ಇಟ್ಟು ಪದರ ಪದರ ಬಿಡಿಸಿದಾಂವ.
ಮೀನಿಲ್ಲ, ಸಿಂಪಿಲ್ಲ, ಹುಳದ ಗೆರಿ ಇಲ್ಲ.
ಖಾಲಿ ವಹಿ ಮಗಾ, ಅಂತಿದ್ದ,
ಎಷ್ಟು ಹಾಳಿ ತಿರುವಿದ್ರೂ ಖಾಲಿ.

ಬರಕೊಂಡ್ರಾ?
ಫರ್ಸಿ ಕಿತ್ತು ಟೈಲ್ಸ್ ಹಾಕ್ರಿ ಅಂತ ಬರದಿದ್ರ
ಜೂನ್ ಮುಗೀಲಿ ಅಂತನೂ ಬರೀರಿ ಸಾಹೇಬ್ರ.
ನಂದು ಅವಾಗ ರಿಟೈರು.
ಈಗ ಕಾಲೆತ್ರಿ ಒಂದೀಟು,
ಒರಸ್ತೀನಿ.